ಫ್ಲೈ ರೆಕ್ಕೆಗೆ ಕೃತಕ ಎಳೆ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕೈಪಿಡಿ

ಗೋವಾದ ಜುವಾರಿ ನದಿಯಲ್ಲಿ ಇಳಿತ ಆರಂಭವಾಗಿ, ಕಾಂಡ್ಲಾ ಗಿಡಗಳ ಬೇರುಗಳ ಸಂದಿನಿಂದ ಸಣ್ಣ ಮೀನುಗಳು ಹೊರಬರುವ ಹೊತ್ತಿನಲ್ಲಿ ಚೊಣಕ್ ಮೀನೊಂದು ನಮ್ಮ ಫ್ಲೈಯ (ಗಾಳಕ್ಕೆ ಎಳೆ, ಕೂದಲು ಕಟ್ಟಿ ಮಾಡಿದ ಕೃತಕ ಆಮಿಷದ) ಹಿಂದೆಯೇ ಬಂದು, ಬಾಯಿ ಹಾಕದೆ ತಿರುಗಿ ಹೋದರೆ ನಾವು ಮೊದಲು ದೂರುವುದು ನಮ್ಮ ಎಸೆತವನ್ನು, ಅನಂತರ ಗಾಳವನ್ನು, ಕೊನೆಗೆ ನೀರಿನ ಬಣ್ಣವನ್ನು. ರೆಕ್ಕೆಗೆ, ಎಂದರೆ ಗಾಳದ ಮೇಲಿಂದ ಹಿಂದಕ್ಕೆ ಚಾಚುವ ಗೊಂಚಲಿಗೆ, ಕಟ್ಟಿದ ಎಳೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಒಣಗಿದ ಫ್ಲೈ ಮೇಜಿನ ಮೇಲೆ ಅಂದವಾಗಿಯೇ ಕಾಣುತ್ತಿರುತ್ತದೆ. ವಾಸ್ಕೊದಲ್ಲಿ ನೆಲೆಸಿದ ಮೇಲೆ ಹಲವು ಮಳೆಗಾಲಗಳನ್ನು ಫ್ಲೈ ಕಟ್ಟುತ್ತ ಕಳೆದ ನನಗೆ ಈಗ ಖಚಿತವಾಗಿ ಅನ್ನಿಸುವುದೆಂದರೆ, ಕೈಕೆಲಸದ ತಪ್ಪು ಎಂದು ನಾವು ಒಪ್ಪಿಕೊಳ್ಳುವ ದೋಷಗಳಲ್ಲಿ ಬಹುಪಾಲು ಎಳೆಯ ಆಯ್ಕೆಯ ತಪ್ಪುಗಳು, ಮತ್ತು ಪೊಟ್ಟಣದ ಮೇಲಿನ ಹೆಸರನ್ನು ನಂಬಿದ್ದರಿಂದ ಆದ ತಪ್ಪುಗಳು.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಮಾಂಡವಿ, ಜುವಾರಿ, ಶಾಪೋರಾ ನದಿಗಳ ಅಳಿವೆಗಳಲ್ಲಿ ಚೊಣಕ್ ಮತ್ತು ತಾಂಬ್ಸೊ ಮೀನುಗಳಿಗೆ ಕಟ್ಟುವ, ಸಣ್ಣ ಮೀನನ್ನು ಹೋಲುವ ಉದ್ದ ರೆಕ್ಕೆಯ ಫ್ಲೈಗಳಿಗೆ ಅನ್ವಯಿಸುತ್ತದೆ. ಪುಣೆ, ಮುಂಬೈಗಳಿಂದ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಹಿಡಿಯಲು ಹೋಗುವ ಮಿತ್ರರಿಗಾಗಿ ಒಣ ಫ್ಲೈಯ, ಎಂದರೆ ನೀರಿನ ಮೇಲೆ ತೇಲಬೇಕಾದ ಫ್ಲೈಯ, ರೆಕ್ಕೆಯ ವಿಷಯವನ್ನೂ ನಡುವೆ ಸೇರಿಸಿದ್ದೇನೆ. ಕೃತಕ ಎಳೆಯೇ ಏಕೆ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು: ಅಮೆರಿಕದಲ್ಲಿ ಈ ಬಗೆಯ ರೆಕ್ಕೆಗೆ ಅಲ್ಲಿನ ಜಿಂಕೆಯ ಬಾಲದ ಕೂದಲನ್ನು ಬಳಸುವುದು ರೂಢಿ, ನಮ್ಮ ಚುಕ್ಕೆ ಜಿಂಕೆ, ಕಡವೆಗಳಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಅವುಗಳ ಕೂದಲನ್ನು ನಾವು ಮುಟ್ಟಬಾರದು. ಹಾಗಾಗಿ ನಮ್ಮ ಪಾಲಿಗೆ ಕೃತಕ ಎಳೆಯನ್ನು ಚೆನ್ನಾಗಿ ಅರಿಯುವುದು ಅನಿವಾರ್ಯ.

ಮೊದಲ ಹೆಜ್ಜೆ: ಕೈಯಲ್ಲಿರುವ ಎಳೆ ಯಾವುದು?

ದೋಷ ಯಾವುದೇ ಇರಲಿ, ಎಳೆ ಯಾವ ಪ್ಲಾಸ್ಟಿಕ್ಕಿನದೆಂದು ತಿಳಿಯದೆ ಪರಿಹಾರಕ್ಕೆ ಕೈ ಹಾಕಬೇಡಿ. ನಮಗೆ ಸಿಗುವ ಎಳೆಗಳು ಹೆಚ್ಚಾಗಿ ನಾಲ್ಕೇ ಕುಲದವು: ಪಾಲಿಪ್ರೊಪಿಲೀನ್, ನೈಲಾನ್, ಅಕ್ರಿಲಿಕ್, ಪಾಲಿಯೆಸ್ಟರ್. ಫ್ಲೈ ಸಾಮಾನಿನ ಅಂಗಡಿಯ ಪೊಟ್ಟಣವಾಗಲಿ, ಮಾಲಿಂ ಜೆಟ್ಟಿಯ ಬಳಿ ಬಲೆ ಸಾಮಾನು ಮಾರುವಲ್ಲಿ ತಂದು ಬಿಡಿಸಿದ ಹಗ್ಗವಾಗಲಿ, ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಸಿಕ್ಕ ಬೊಂಬೆಯ ಕೂದಲಾಗಲಿ, ಜಡೆಗೆ ಸೇರಿಸುವ ಚೌರಿಯಾಗಲಿ, ಸಾಮಾನ್ಯವಾಗಿ ಈ ನಾಲ್ಕರಲ್ಲೊಂದು ಅಥವಾ ಇವುಗಳ ಮಿಶ್ರಣವಾಗಿರುತ್ತದೆ.

ಪರೀಕ್ಷೆಗೆ ಬೇಕಾದದ್ದು ಎರಡು ಗಾಜಿನ ಲೋಟ. ಒಂದರಲ್ಲಿ ನಲ್ಲಿ ನೀರು. ಇನ್ನೊಂದರಲ್ಲಿ 250 ಮಿಲಿಲೀಟರ್ ನೀರಿಗೆ ಸುಮಾರು 90 ಗ್ರಾಂ ಉಪ್ಪು ಹಾಕಿ, ಇನ್ನು ಕರಗುವುದಿಲ್ಲ ಎನ್ನುವಷ್ಟು ಕಲಕಿದ ಉಪ್ಪುನೀರು. ಕಲ್ಲುಪ್ಪು ಬಳಸುವುದಾದರೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಕೆಸರಿದ್ದರೆ ಎಳೆ ಕಾಣಿಸುವುದಿಲ್ಲ. ಎರಡೂ ಲೋಟಗಳಿಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣವನ್ನು ಒಂದೊಂದು ಹನಿ ಹಾಕಬೇಕು. ಈ ಒಂದು ಹನಿಯನ್ನು ಬಿಟ್ಟುದರಿಂದಲೇ ನನ್ನ ಆರಂಭದ ಪರೀಕ್ಷೆಗಳೆಲ್ಲ ಸುಳ್ಳಾದವು: ನೀರಿನ ಮೇಲ್ಮೈಯ ಬಿಗಿತದಿಂದಾಗಿ ಭಾರವಾದ ಎಳೆಯೂ ತೇಲುತ್ತಲೇ ನಿಲ್ಲುತ್ತದೆ, ನಾವು ಅದನ್ನು ಹಗುರವೆಂದು ನಂಬುತ್ತೇವೆ. ಒಂದು ಸೆಂಟಿಮೀಟರ್ ಉದ್ದದ ಏಳೆಂಟು ಎಳೆಗಳನ್ನು ಕತ್ತರಿಸಿ, ನೀರಿನೊಳಗೇ ಬೆರಳುಗಳ ನಡುವೆ ಹೊಸಕಿ, ಅಂಟಿದ ಗಾಳಿಗುಳ್ಳೆಗಳು ಹೋದ ಮೇಲೆ ಬಿಟ್ಟು ಎರಡು ನಿಮಿಷ ಕಾಯಿರಿ.

ನಲ್ಲಿ ನೀರಿನಲ್ಲಿಯೇ ಮೇಲಕ್ಕೆ ಬಂದರೆ ಅದು ಪಾಲಿಪ್ರೊಪಿಲೀನ್. ನೀರಿನದು 1 ಎಂದು ಎಣಿಸಿದರೆ ಅದರ ಸಾಂದ್ರತೆ 0.91ರ ಆಸುಪಾಸು. ಅದೇ ವರ್ಗದ ಪಾಲಿಎಥಿಲೀನ್ ಕೂಡ ತೇಲುತ್ತದೆ, ನಮ್ಮ ಕೆಲಸದ ಮಟ್ಟಿಗೆ ಎರಡನ್ನೂ ಒಂದೇ ಎಂದು ಎಣಿಸಬಹುದು. ನಲ್ಲಿ ನೀರಿನಲ್ಲಿ ಮುಳುಗಿ, ಉಪ್ಪುನೀರಿನಲ್ಲಿ ತೇಲಿದರೆ ಅದು ನೈಲಾನ್ ಅಥವಾ ಅಕ್ರಿಲಿಕ್. ಮೊದಲನೆಯದರ ಸಾಂದ್ರತೆ 1.14, ಎರಡನೆಯದರದು ಸುಮಾರು 1.17, ಉಪ್ಪು ತುಂಬಿದ ನೀರಿನದು 1.2. ಎರಡರಲ್ಲೂ ತಳ ಸೇರಿದರೆ 1.38 ಸಾಂದ್ರತೆಯ ಪಾಲಿಯೆಸ್ಟರ್ ಎಂದು ತಿಳಿಯಬಹುದು. ಸಮುದ್ರದ ನೀರಿನ ಸಾಂದ್ರತೆ ಕೇವಲ 1.025 ಆದ್ದರಿಂದ, ಲೋಟದ ಉಪ್ಪುನೀರಿನಲ್ಲಿ ತೇಲಿದ ಎಳೆ ಬಾಯ್ನಾ ಕಡಲತೀರದಲ್ಲಿಯೂ ತೇಲುತ್ತದೆ ಎಂದು ಭಾವಿಸಬಾರದು.

ನೈಲಾನ್ ಮತ್ತು ಅಕ್ರಿಲಿಕ್ ನಡುವಿನ ವ್ಯತ್ಯಾಸವನ್ನು ಬೆಂಕಿ ಹೇಳುತ್ತದೆ. ಎಳೆಯ ಗೊಂಚಲನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿರುವ ತಟ್ಟೆಯನ್ನಿಟ್ಟು, ಕಿಟಕಿ ತೆರೆದು, ಜ್ವಾಲೆಯ ಪಕ್ಕಕ್ಕೆ ತನ್ನಿ. ನೈಲಾನ್ ಜ್ವಾಲೆಯಿಂದ ಹಿಂದಕ್ಕೆ ಮುದುಡಿ, ಕರಗಿ, ಗಟ್ಟಿಯಾದ ಮಣಿಯಾಗುತ್ತದೆ. ಅಕ್ರಿಲಿಕ್ ಬೇಗ ಹೊತ್ತಿಕೊಂಡು, ಮಸಿ ಹೊಗೆ ಬಿಟ್ಟು, ಕಪ್ಪಾದ ಒರಟು ಉಂಡೆಯನ್ನು ಉಳಿಸುತ್ತದೆ. ಹೊಗೆ ಮೂಗಿಗೆ ಖಾರವಾಗಿ ಬಡಿಯುತ್ತದೆ, ಅದನ್ನು ಉಸಿರಾಡಬೇಡಿ. ಪಾಲಿಪ್ರೊಪಿಲೀನನ್ನು ಸುಟ್ಟು ನೋಡಿದರೆ ಆರಿದ ಮೇಣದಬತ್ತಿಯ ವಾಸನೆ ಬರುತ್ತದೆ. ಕರಗಿದ ಹನಿ ಚರ್ಮಕ್ಕೆ ಅಂಟಿ ಸುಡುವುದರಿಂದ ಮಕ್ಕಳನ್ನು ಈ ಪರೀಕ್ಷೆಯಿಂದ ದೂರವಿಡಿ.

ಮುಂಬೈಯ ಅಂಗಡಿಯೊಂದರಿಂದ ನಾನು ತರಿಸಿಕೊಂಡಿದ್ದ, ಪಾಲಿ ಎಂದಷ್ಟೇ ಬರೆದಿದ್ದ ಬಿಳಿ ಎಳೆಯ ಪೊಟ್ಟಣ ಈ ಪರೀಕ್ಷೆಯಲ್ಲಿ ಎರಡೂ ಲೋಟಗಳ ತಳ ಸೇರಿತು. ಪಾಲಿ ಎಂದರೆ ಪಾಲಿಪ್ರೊಪಿಲೀನ್ ಎಂದು ನಾನು ಓದಿಕೊಂಡಿದ್ದೆ, ಒಳಗಿದ್ದದ್ದು ಪಾಲಿಯೆಸ್ಟರ್. ಅದರಿಂದ ಕಟ್ಟಿದ ಹದಿನೆಂಟು ಒಣ ಫ್ಲೈಗಳು ಸ್ನೇಹಿತರೊಡನೆ ಪ್ರವಾಸಕ್ಕೆ ಹೋಗಿ, ತೇಲದೆ ಹಿಂದಿರುಗಿದ್ದವು.

ರೆಕ್ಕೆ ಗಾಳದ ಬಾಗಿಗೆ ಸುತ್ತಿಕೊಳ್ಳುತ್ತದೆ

ಅಳಿವೆಯ ಫ್ಲೈಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಇದೇ, ಅತಿ ಹೆಚ್ಚು ಮೀನುಗಳನ್ನು ತಪ್ಪಿಸುವುದೂ ಇದೇ. ಎಸೆತದ ನಡುವೆ ಹಿಂದಕ್ಕೆ ಚಾಚಿದ ಎಳೆಗಳು ಗಾಳದ ಬಾಗಿನ ಕೆಳಗಿಂದ ಸುತ್ತಿ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಫ್ಲೈ ನೀರಿನಲ್ಲಿ ಡೊಂಕಾಗಿ ಚಲಿಸುತ್ತದೆ. ಹಿಂಬಾಲಿಸಿ ಬಂದ ಚೊಣಕ್ ಅರ್ಧ ಮೀಟರ್ ದೂರದಿಂದಲೇ ತಿರುಗಿ ಹೋಗುವುದಕ್ಕೆ ಇದು ಸಾಕು.

ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಫ್ಲೈ ಮೊದಲ ಎಸೆತದಿಂದಲೇ ಸುತ್ತಿಕೊಳ್ಳುತ್ತದೆಯೇ, ಅಥವಾ ಅರ್ಧ ಗಂಟೆ ನೀರಿನಲ್ಲಿದ್ದ ಮೇಲೆಯೇ? ಮೊದಲಿನಿಂದಲೇ ಆದರೆ ರೆಕ್ಕೆ ತೀರ ಉದ್ದವಾಗಿದೆ, ಇಲ್ಲವೇ ಎಳೆ ತೀರ ತೆಳುವಾಗಿದೆ. ಅರ್ಧ ಗಂಟೆಯ ಮೇಲೆ ಆರಂಭವಾದರೆ ಎಳೆ ನೈಲಾನ್ ಆಗಿರುವ ಸಾಧ್ಯತೆಯೇ ಹೆಚ್ಚು. ನೈಲಾನ್ ತನ್ನ ತೂಕದ ಶೇಕಡಾ 4ರಷ್ಟು ತೇವವನ್ನು ಸಾಮಾನ್ಯ ಗಾಳಿಯಿಂದಲೇ ಹೀರುತ್ತದೆ, ನೀರಿನಲ್ಲಿ ನೆನೆದರೆ ಇನ್ನೂ ಹೆಚ್ಚು. ಹೀರಿದಂತೆಲ್ಲ ಅದರ ಬಿಗಿ ಕುಗ್ಗುತ್ತದೆ. ಪಾಲಿಯೆಸ್ಟರ್ ಹೀರುವುದು ಶೇಕಡಾ ಅರ್ಧಕ್ಕೂ ಕಡಿಮೆ, ಪಾಲಿಪ್ರೊಪಿಲೀನ್ ಏನನ್ನೂ ಹೀರುವುದಿಲ್ಲವೆಂದೇ ಹೇಳಬಹುದು. ಮೇಜಿನ ಮೇಲೆ ಸೆಟೆದು ನಿಂತಿದ್ದ ರೆಕ್ಕೆ ನದಿಯಲ್ಲಿ ಸೋಲುವುದಕ್ಕೆ ಕಾರಣ ಇಷ್ಟೇ. ಕಟ್ಟುವ ಮುನ್ನವೇ ಎಳೆಯನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿಟ್ಟು, ಹತ್ತು ಸೆಂಟಿಮೀಟರ್ ಉದ್ದದ ಗೊಂಚಲನ್ನು ಒಂದು ತುದಿಯಲ್ಲಿ ಹಿಡಿದು ಅಡ್ಡಲಾಗಿ ಚಾಚಿ ನೋಡಿ. ಒಣ ಗೊಂಚಲಿಗಿಂತ ಎಷ್ಟು ಜೋತು ಬೀಳುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಎಳೆಯ ದಪ್ಪದ ಬಗ್ಗೆ ಹೇಳಲೇಬೇಕಾದ ಒಂದು ಲೆಕ್ಕವಿದೆ. ಒಂದೇ ಬಗೆಯ ಪ್ಲಾಸ್ಟಿಕ್ಕಿನ ದುಂಡನೆಯ ಎಳೆಯ ದಪ್ಪ ಎರಡು ಪಟ್ಟಾದರೆ ಅದು ಬಾಗುವುದಕ್ಕೆ ಒಡ್ಡುವ ಬಿಗಿ ಹದಿನಾರು ಪಟ್ಟಾಗುತ್ತದೆ. ಆದ್ದರಿಂದ ಮೆತ್ತನೆಯ ಎಳೆಗಳನ್ನು ಇನ್ನಷ್ಟು ಸೇರಿಸಿ ರೆಕ್ಕೆಯನ್ನು ಬಿಗಿ ಮಾಡುತ್ತೇನೆಂದು ಹೊರಡುವುದು ವ್ಯರ್ಥ. ರೆಕ್ಕೆ ದಪ್ಪವಾಗುತ್ತದೆ, ನೀರು ಹಿಡಿದು ಎಸೆಯಲು ಭಾರವಾಗುತ್ತದೆ, ಸುತ್ತಿಕೊಳ್ಳುವುದು ಮಾತ್ರ ನಿಲ್ಲುವುದಿಲ್ಲ. ಬದಲಿಗೆ ಬುಡದಲ್ಲಿ ದಪ್ಪ ಎಳೆಗಳ ಒಂದು ಸಣ್ಣ ಆಸರೆ ಕಟ್ಟಿ, ಅದರ ಮೇಲೆ ಮೆತ್ತನೆಯ ಎಳೆಯನ್ನು ಅರ್ಧದಷ್ಟು ಪ್ರಮಾಣದಲ್ಲಿ ಹರಡಿ. ಆಸರೆಯ ಎಳೆಗಳು ಗಾಳದ ಬಾಗನ್ನು ಒಂದು ಬೆರಳಗಲ ದಾಟಿದರೆ ಸಾಕು. ರೆಕ್ಕೆಯ ಒಟ್ಟು ಉದ್ದ ಗಾಳದ ದಂಡದ (ನೇರ ಭಾಗದ) ಎರಡು ಪಟ್ಟನ್ನು ಮೀರದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೂರು ಪಟ್ಟು ಬೇಕೇ ಬೇಕೆಂದಾದರೆ 0.40 ಮಿಲಿಮೀಟರ್ ಮಾನೊಫಿಲಮೆಂಟ್ (ಒಂಟಿ ಎಳೆಯ) ದಾರದಲ್ಲಿ ಒಂದು ಅಡ್ಡ ಕುಣಿಕೆ ಮಾಡಿ, ರೆಕ್ಕೆಯ ಕೆಳಗೆ, ದಂಡದ ಹಿಂಭಾಗದಲ್ಲಿ ಕಟ್ಟಿ. ಜೋತು ಬೀಳುವ ಎಳೆಗಳು ಆ ಕುಣಿಕೆಯ ಮೇಲೆ ಕೂತುಕೊಳ್ಳುತ್ತವೆ.

ಈಗಾಗಲೇ ಕಟ್ಟಿ ಮುಗಿಸಿದ ಫ್ಲೈಯನ್ನು ಬಿಸಾಡುವುದು ಬೇಡ. ರೆಕ್ಕೆಯ ಬುಡಕ್ಕೆ, ಒಣಗಿದ ಮೇಲೂ ಬಳುಕುವಂಥ ಅಂಟನ್ನು ಒಂದು ಹನಿ ಇಟ್ಟು, ಸೂಜಿಯಿಂದ ಐದಾರು ಮಿಲಿಮೀಟರ್ ಹಿಂದಕ್ಕೆ ಎಳೆಗಳ ನಡುವೆ ಸವರಿ. ಅಷ್ಟು ಭಾಗ ಒಟ್ಟಾಗಿ ನಿಂತರೆ ಉಳಿದದ್ದು ಬಾಗನ್ನು ತಲುಪುವುದು ಬಹಳಷ್ಟು ಕಡಿಮೆಯಾಗುತ್ತದೆ. ಇದಕ್ಕೆ ಸೂಪರ್‌ಗ್ಲೂ ಬೇಡ. ಅದು ಎಳೆಗಳ ನಡುವೆ ತಾನಾಗಿಯೇ ಏರಿ ಅರ್ಧ ರೆಕ್ಕೆಯನ್ನು ಕಡ್ಡಿ ಮಾಡಿಬಿಡುತ್ತದೆ.

ಫ್ಲೈ ಪಕ್ಕಕ್ಕೆ ವಾಲುತ್ತದೆ ಅಥವಾ ಗಿರಗಿರನೆ ತಿರುಗುತ್ತದೆ

ಬಾಗಲಕೋಟೆ ಕಡೆಯಿಂದ ಬಂದು ಜುವಾರಿನಗರದಲ್ಲಿರುವ ನನ್ನ ಕಿರಿಯ ಮಿತ್ರರೊಬ್ಬರು ದೋಣಿಯ ಪಕ್ಕದಲ್ಲಿ ಫ್ಲೈ ಎಳೆಯುತ್ತ, "ಅಣ್ಣಾರ, ಇದು ಸತ್ತ ಮೀನಿನಗತೆ ಮಗ್ಗಲಾಗಿ ಬರಾಕತ್ತೈತಲ್ರೀ" ಎಂದಾಗ ನಾನು ಗಾಳದ ಕಣ್ಣಿನ (ದಾರ ಕಟ್ಟುವ ರಂಧ್ರದ) ಕಡೆಯಿಂದ ನೇರವಾಗಿ ನೋಡಿದೆ. ರೆಕ್ಕೆಯ ಮುಕ್ಕಾಲು ಪಾಲು ಎಳೆ ದಂಡದ ಎಡಕ್ಕಿತ್ತು. ದಾರವನ್ನು ಬಿಗಿಗೊಳಿಸುವಾಗ ಜಾರುವ ಎಳೆಗಳು ದಾರ ಸುತ್ತುವ ದಿಕ್ಕಿಗೇ ಉರುಳುತ್ತವೆ. ಬಲಗೈಯವರು ಕಟ್ಟಿದ ಫ್ಲೈಯಲ್ಲಿ ಅದು ಸದಾ ಒಂದೇ ಪಕ್ಕಕ್ಕೆ ಆಗುವುದರಿಂದ ಪೆಟ್ಟಿಗೆಯ ಎಲ್ಲ ಫ್ಲೈಗಳೂ ಒಂದೇ ಕಡೆಗೆ ವಾಲುತ್ತವೆ. ಪೆಟ್ಟಿಗೆಯಲ್ಲಿ ಇಂಥ ಏಕರೂಪದ ವಾಲುವಿಕೆ ಕಂಡರೆ ದೋಷ ಇದೇ ಎಂದು ತಿಳಿಯಬಹುದು. ಗೊಂಚಲನ್ನು ಇರಿಸುವಾಗ ನಿಮ್ಮ ಕಡೆಗೆ ಸ್ವಲ್ಪ ಸರಿಸಿ ಹಿಡಿದರೆ, ದಾರದ ಎಳೆತವೇ ಅದನ್ನು ನೆತ್ತಿಗೆ ತಂದು ಕೂರಿಸುತ್ತದೆ.

ರೆಕ್ಕೆ ನಡುಮಧ್ಯದಲ್ಲಿಯೇ ಇದ್ದೂ ಫ್ಲೈ ಮಗುಚಿಕೊಂಡರೆ ತೇಲುವ ಎಳೆಯನ್ನು ಅನುಮಾನಿಸಿ. ಪಾಲಿಪ್ರೊಪಿಲೀನ್ ರೆಕ್ಕೆಯನ್ನು ದಂಡದ ಕೆಳಭಾಗಕ್ಕೂ ಕಟ್ಟಿದ್ದರೆ ಅದು ಮೇಲೇರಲು ಹವಣಿಸಿ ಗಾಳವನ್ನು ಮಗುಚುತ್ತದೆ. ತೇಲುವುದು ಮೇಲಿರಲಿ, ಮುಳುಗುವುದು ಕೆಳಗಿರಲಿ. ಅದೂ ಸಾಲದಿದ್ದರೆ ದಂಡದ ಕೆಳಗೆ ಐದಾರು ಸುತ್ತು ತಂತಿ ಕಟ್ಟಿ. ಅಮೆರಿಕದ ಬಾಬ್ ಕ್ಲೌಸರ್ ಅವರು ರೂಪಿಸಿದ, ಸಣ್ಣ ಮೀನನ್ನು ಹೋಲುವ ಪ್ರಸಿದ್ಧ ಮಿನ್ನೋ ಫ್ಲೈಯಲ್ಲಿ ತಲೆಗೆ ಕಟ್ಟುವ ಭಾರದ ಕಣ್ಣುಗಳು ಗಾಳವನ್ನು ಬೇಕೆಂದೇ ಮಗುಚಿ, ಮೊನೆ ಮೇಲಕ್ಕೆ ಬರುವಂತೆ ಮಾಡುತ್ತವೆ. ಅಲ್ಲಿ ರೆಕ್ಕೆ ಮೊನೆಯ ಕಡೆಗೇ ಇರಬೇಕು ಎಂಬುದನ್ನು ಮರೆತು ಕಟ್ಟಿದ ಫ್ಲೈ ಸರಿಯಾಗಿ ಈಜಲಾರದು.

ಒಣ ಫ್ಲೈ ಎಸೆಯುವವರಿಗೆ ಇದೇ ದೋಷ ಲೀಡರ್ (ಫ್ಲೈ ಕಟ್ಟುವ ತುದಿಯ ತೆಳು ದಾರ) ಹುರಿಗಟ್ಟಿಕೊಳ್ಳುವ ರೂಪದಲ್ಲಿ ಕಾಣುತ್ತದೆ. ಎರಡು ರೆಕ್ಕೆಗಳ ಉದ್ದ ಅಥವಾ ಅಗಲದಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಗಾಳಿಯಲ್ಲಿ ಅದು ಫ್ಯಾನಿನ ಅಲಗಿನಂತೆ ತಿರುಗುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದ ರೆಕ್ಕೆಗಳಲ್ಲಿ ಗಾಳಿ ತೂರಿ ಹೋಗುವುದಿಲ್ಲವಾದ್ದರಿಂದ ತೊಂದರೆ ಹೆಚ್ಚು. ಎಳೆಯ ರೆಕ್ಕೆಗೆ ಬದಲಾಯಿಸುವುದೇ ಸುಲಭದ ದಾರಿ.

ಎಳೆಗಳು ಕಳಚಿ ಬರುತ್ತವೆ

ಪ್ರತಿ ಮೀನಿನ ಹಲ್ಲಿಗೂ ಹತ್ತಿಪ್ಪತ್ತು ಎಳೆ ಹೋಗುವುದು ಸಹಜ. ಬೆರಳಿನಲ್ಲಿ ಹಿಡಿದು ಎಳೆದರೆ ಬುಡಸಮೇತ ಜಾರಿ ಬಂದರೆ ಅದು ದೋಷ. ಕಳಚಿ ಬಂದ ಎಳೆಯ ತುದಿಯನ್ನು ಕಣ್ಣಿನ ಬಳಿ ಹಿಡಿದು ನೋಡಿ. ಕತ್ತರಿಯಿಂದ ಕತ್ತರಿಸಿದ ನೇರ ತುದಿ ಕಂಡರೆ ಎಳೆ ದಾರದ ಕೆಳಗಿನಿಂದ ಜಾರಿದೆ. ಹಿಗ್ಗಿ ಹರಿದಂತೆ ಮೊನಚಾಗಿದ್ದರೆ ಅದು ಅಲ್ಲೇ ತುಂಡಾಗಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಜಾರುವುದಕ್ಕೆ ಕಾರಣ ಎಳೆಯ ನುಣುಪು. ಪ್ರಾಣಿಯ ಕೂದಲಿನ ಮೈ ತುಂಬ ಕಾಣದಷ್ಟು ಸಣ್ಣ ಪೊರೆಗಳಿದ್ದು ದಾರವನ್ನು ಹಿಡಿದುಕೊಳ್ಳುತ್ತವೆ; ಕಾರ್ಖಾನೆಯ ಎಳೆಗೆ ಅಂಥದ್ದಿಲ್ಲ. ನಾನೀಗ ಗೊಂಚಲನ್ನು ಒಂದು ತುದಿಯಲ್ಲಿ ಕಟ್ಟುವುದನ್ನೇ ಬಿಟ್ಟಿದ್ದೇನೆ. ಬೇಕಾದ ಉದ್ದದ ಎರಡು ಪಟ್ಟು ಎಳೆ ತೆಗೆದುಕೊಂಡು, ಅದರ ನಡುವನ್ನು ದಂಡದ ಮೇಲಿಟ್ಟು ನಾಲ್ಕು ಸುತ್ತು ಬಿಗಿದು, ಕಣ್ಣಿನ ಕಡೆಗೆ ಚಾಚಿದ ಅರ್ಧವನ್ನು ಹಿಂದಕ್ಕೆ ಮಡಚಿ, ಮಡಿಕೆಯ ಮೇಲೆ ಮತ್ತೆ ದಾರ ಸುತ್ತುತ್ತೇನೆ. ಮಡಚಿದ ಎಳೆ ಜಾರಬೇಕೆಂದರೆ ದಾರವನ್ನೇ ಸುತ್ತಿ ಹೊರಬರಬೇಕು, ಅದು ಆಗದ ಮಾತು. ಈ ಕ್ರಮದಲ್ಲಿ ಗೊಂಚಲಿನ ಅರ್ಧದಷ್ಟೇ ಎಳೆ ಸಾಕಾಗುತ್ತದೆ ಎಂಬುದನ್ನು ನೆನಪಿಡಿ, ಇಲ್ಲದಿದ್ದರೆ ತಲೆ ದಪ್ಪವಾಗುತ್ತದೆ. ಸೂಪರ್‌ಗ್ಲೂ ಹಾಕುವುದಾದರೆ ದಂಡದ ಮೇಲೆ ದಾರದ ಹಾಸಿಗೆ ಮಾಡಿ, ಅದರ ಮೇಲೆ ಹನಿಸಿ, ಅದು ಒಣಗುವ ಮೊದಲೇ ಎಳೆಯನ್ನು ಕೂರಿಸಿ. ಕಟ್ಟಿ ಮುಗಿಸಿ ಮೇಲಿಂದ ಸುರಿದ ಅಂಟು ಒಳಗಿನ ಎಳೆಗಳನ್ನು ತಲುಪುವುದಿಲ್ಲ. ಪಾಲಿಪ್ರೊಪಿಲೀನಿಗೆ ಈ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ, ಅದಕ್ಕೆ ಮಡಿಕೆಯೊಂದೇ ಗತಿ.

ಎಳೆ ತುಂಡಾಗುತ್ತಿದ್ದರೆ ಅದು ಬಿಸಿಲಿಗೆ ಹಣ್ಣಾಗಿರಬಹುದು. ದೋಣಿಯಲ್ಲಿ ಬಹಳ ದಿನ ಬಿಸಿಲಿಗೆ ಬಿದ್ದಿದ್ದ ಹಗ್ಗವನ್ನು ಬಿಡಿಸಿ ತಂದ ಪಾಲಿಪ್ರೊಪಿಲೀನ್ ಎಳೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗುವುದುಂಟು. ಹಳೆಯ ಹಗ್ಗವನ್ನು ರೆಕ್ಕೆಗೆ ಬಳಸಲೇಬೇಡಿ. ಉದುರಿದ ಆ ಚೂರುಗಳು ಉಳಿಯುವುದು ನಮ್ಮ ನದಿಯಲ್ಲಿಯೇ. ಕತ್ತರಿಸಿ ಬಿದ್ದ ತುಂಡುಗಳನ್ನೂ ಒಂದು ಡಬ್ಬಿಯಲ್ಲಿ ಕೂಡಿಡುವ ಅಭ್ಯಾಸ ಮಾಡಿಕೊಳ್ಳಿ.

ಒಣ ಫ್ಲೈಯ ರೆಕ್ಕೆ ಮುಳುಗುತ್ತದೆ

ಲೋಟದ ಪರೀಕ್ಷೆ ಮಾಡಿದವರಿಗೆ ಇದರ ಅರ್ಧ ಉತ್ತರ ಸಿಕ್ಕಿರುತ್ತದೆ. ಆ ನಾಲ್ಕು ಕುಲಗಳಲ್ಲಿ ನೀರಿಗಿಂತ ಹಗುರವಾದದ್ದು ಪಾಲಿಪ್ರೊಪಿಲೀನ್ ಒಂದೇ ಆದ್ದರಿಂದ, ನೆಟ್ಟಗೆ ನಿಲ್ಲುವ ರೆಕ್ಕೆಗೂ ನೀರಿನ ಮೇಲೆ ಚಪ್ಪಟೆಯಾಗಿ ಹರಡುವ ರೆಕ್ಕೆಗೂ ಅದೇ ಮೊದಲ ಆಯ್ಕೆ. ಆಂಟ್ರಾನ್ ಎಂಬ ಹೆಸರಿನಲ್ಲಿ ಬರುವುದು ಡ್ಯುಪಾಂಟ್ ಸಂಸ್ಥೆ ರೂಪಿಸಿದ, ನೆಲಹಾಸಿಗೆ ಬಳಕೆಯಾದ ನೈಲಾನ್. ಅದರ ಎಳೆಯನ್ನು ಅಡ್ಡ ಕತ್ತರಿಸಿದರೆ ಮೂರು ದಳಗಳ ಆಕಾರ ಕಾಣುತ್ತದೆ, ಬೆಳಕನ್ನು ಮಿಂಚಿಸುವುದು ಆ ಆಕಾರವೇ. ಅಮೆರಿಕದ ಗ್ಯಾರಿ ಲಾಫಾಂಟೇನ್ ಅವರು ಅದನ್ನು ಕ್ಯಾಡಿಸ್ ಎಂಬ ಕೀಟದ ನೀರೊಳಗಿನ ಕೋಶವನ್ನು ಹೋಲುವ ಫ್ಲೈಗಳಲ್ಲಿ ಬಳಸಿ ಪ್ರಸಿದ್ಧಗೊಳಿಸಿದರು. ನೀರೊಳಗೆ ಹೊಳೆಯಬೇಕಾದಲ್ಲಿ ಅದು ಬಹಳ ಒಳ್ಳೆಯದು, ತೇಲಿಸುವ ಭಾರವನ್ನು ಅದರ ಮೇಲೆ ಹೊರಿಸಬಾರದು.

ಪಾಲಿಪ್ರೊಪಿಲೀನ್ ರೆಕ್ಕೆಯೂ ಮುಳುಗಿದರೆ ಗಾಳದ ತೂಕವನ್ನು ನೋಡಿ. ಉಕ್ಕು ನೀರಿಗಿಂತ ಸುಮಾರು ಎಂಟು ಪಟ್ಟು ಭಾರ. ಹತ್ತಿಪ್ಪತ್ತು ಹಗುರ ಎಳೆಗಳು ಅದನ್ನು ಎತ್ತಲಾರವು. ಒಣ ಫ್ಲೈ ತೇಲುವುದು ಮುಖ್ಯವಾಗಿ ಮೇಲ್ಮೈಯ ಬಿಗಿತದಿಂದ. ಎಳೆಗಳ ನಡುವೆ ನೀರು ಹೊಕ್ಕು ಅವು ಒಂದಕ್ಕೊಂದು ಅಂಟಿಕೊಂಡ ಕ್ಷಣಕ್ಕೆ ಆ ಬಲ ಹೋಗುತ್ತದೆ. ಹಾಗಾಗಿ ಎಳೆ ಕಡಿಮೆ ಮಾಡಿ, ಬಿಡಿಬಿಡಿಯಾಗಿ ಹರಡಿ, ತೇಲಿಸುವ ಎಣ್ಣೆಯನ್ನು ಫ್ಲೈ ಒಣಗಿರುವಾಗಲೇ ಸವರಿ.

ನೀರಿನಲ್ಲಿ ಆಕಾರ ಕಳೆದುಕೊಳ್ಳುವುದು, ಗಂಟಾಗುವುದು

ಅಕ್ರಿಲಿಕ್ಕಿನ ಕೃತಕ ತುಪ್ಪಳ ನೀರಿನಲ್ಲಿ ಬಹಳ ಜೀವಂತವಾಗಿ ಆಡುತ್ತದೆ, ಆದರೆ ಎಳೆತ ನಿಂತೊಡನೆ ಕುಸಿದು ಸಣ್ಣದಾಗುತ್ತದೆ. ಅಗಲವಾದ ಮೈಯ ಶೆವ್ಟೆ ಮೀನಿನ ಮರಿಯನ್ನು ತೋರಿಸಬೇಕಿದ್ದರೆ ಸುಕ್ಕುಸುಕ್ಕಾದ ಎಳೆ ಬೇಕು. ಸುಕ್ಕುಗಳು ಒಂದನ್ನೊಂದು ದೂರ ತಳ್ಳಿ ಕಡಿಮೆ ಎಳೆಯಲ್ಲಿಯೇ ಮೈ ತುಂಬಿದಂತೆ ತೋರಿಸುತ್ತವೆ. ಆ ಸುಕ್ಕೇ ಗಂಟಿಗೂ ಕಾರಣ. ದಿನದ ಕೊನೆಯಲ್ಲಿ ಸಿಹಿನೀರಿನಲ್ಲಿ ತೊಳೆದು, ಒದ್ದೆಯಿರುವಾಗಲೇ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಾಚಬೇಕು. ಹೇನಿನ ಬಾಚಣಿಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ತುದಿಗಳನ್ನು ಅಡ್ಡ ಕತ್ತರಿಸಿದ್ದರೆ ಪೊರಕೆಯಂತೆ ಕಾಣುತ್ತದೆ; ಕತ್ತರಿಯನ್ನು ಎಳೆಯ ಉದ್ದಕ್ಕೇ ಹಿಡಿದು ಸಣ್ಣ ಸಣ್ಣ ಕಚ್ಚು ಹಾಕುತ್ತ ಬಂದರೆ ಮೊನಚು ತಾನಾಗಿ ಬರುತ್ತದೆ.

ಮುಚ್ಚಿದ ಕಾರಿನಲ್ಲಿ ಪೆಟ್ಟಿಗೆ ಬಿಟ್ಟು, ರೆಕ್ಕೆಗಳು ಮುಚ್ಚಳದ ಆಕಾರಕ್ಕೇ ಬಾಗಿಬಿಟ್ಟಿದ್ದರೆ ಫ್ಲೈಯನ್ನು ಕೈ ತಾಳಲಾರದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಹತ್ತು ಸೆಕೆಂಡು ಅದ್ದಿ, ನೇರಕ್ಕೆ ಬಾಚಿ, ತಕ್ಷಣ ತಣ್ಣೀರಿಗೆ ಹಾಕಿ. ನೈಲಾನ್, ಪಾಲಿಯೆಸ್ಟರ್ ಎರಡೂ ಬಿಸಿಯಲ್ಲಿ ಮೆತ್ತಗಾಗಿ, ತಣಿದಾಗ ಇದ್ದ ಆಕಾರವನ್ನೇ ಹಿಡಿಯುತ್ತವೆ.

ಬಣ್ಣ

ಮಹದಾಯಿ ಎಂದು ನಾವು ಕರೆಯುವ ನದಿ ಇಲ್ಲಿ ಮಾಂಡವಿಯಾಗಿ ಕಡಲು ಸೇರುವಲ್ಲಿ ಮಳೆಗಾಲದಲ್ಲಿ ಕೆಂಪು ಮಣ್ಣಿನ ನೀರು ತುಂಬಿರುತ್ತದೆ. ಪಾರದರ್ಶಕ ಎಳೆಯ ರೆಕ್ಕೆ ಅಲ್ಲಿ ಇಲ್ಲದಂತೆಯೇ. ಬೆಳಕು ತೂರದ ದಟ್ಟ ಎಳೆ, ಕಪ್ಪು ಅಥವಾ ತಿಳಿ ಹಸಿರು ಹಳದಿ, ಆಗ ಬೇಕಾಗುತ್ತದೆ. ಡಿಸೆಂಬರ್ ನಂತರದ ತಿಳಿನೀರಿಗೆ ಪಾರದರ್ಶಕವೇ ಸರಿ. ಬಣ್ಣವನ್ನು ಒಣಗಿರುವಾಗ ಆರಿಸಬೇಡಿ. ಎಳೆಯನ್ನು ಒದ್ದೆ ಮಾಡಿ, ಬೆಳಕಿಗೆ ಎತ್ತಿ ಹಿಡಿದು, ಮೀನು ನೋಡುವಂತೆ ಕೆಳಗಿನಿಂದ ನೋಡಿ. ಹೊಳೆಯುವ ಪಟ್ಟಿ ಎಳೆಗಳನ್ನು ನಾಲ್ಕೈದಕ್ಕಿಂತ ಹೆಚ್ಚು ಸೇರಿಸಿದ ಫ್ಲೈಗಳನ್ನು ತಿಳಿನೀರಿನಲ್ಲಿ ಚೊಣಕ್ ಹಿಂಬಾಲಿಸಿ ಬಿಟ್ಟುಬಿಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅಂಥಲ್ಲಿ ಹೊಸ ಫ್ಲೈ ಕಟ್ಟಬೇಕಾಗಿಲ್ಲ, ದೋಣಿಯಲ್ಲಿಯೇ ಕತ್ತರಿ ತೆಗೆದು ಎರಡು ಪಟ್ಟಿ ಉಳಿಸಿ ಮಿಕ್ಕದ್ದನ್ನು ಕತ್ತರಿಸಬಹುದು.

ಪತ್ತೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಎಳೆ ಬದಲಿಸಿದ ದಿನ ಗಾಳವನ್ನೂ ಉದ್ದವನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಲೋಟದ ಪರೀಕ್ಷೆ ಮುಗಿದ ಪ್ರತಿ ಪೊಟ್ಟಣದ ಮೇಲೆ ಎಳೆಯ ಕುಲ, ಕೊಂಡ ತಿಂಗಳು, ನೆನೆದ ಮೇಲೆ ಜೋತು ಬಿದ್ದ ಅಳತೆ, ಈ ಮೂರನ್ನು ಮಾಸದ ಶಾಯಿಯಲ್ಲಿ ನಾನು ಬರೆದಿಡುತ್ತೇನೆ. ಅದೇ ಅಂಗಡಿಯಿಂದ ಅದೇ ಹೆಸರಿನ ಎರಡನೆಯ ಪೊಟ್ಟಣ ಬಂದಾಗಲೂ ಮತ್ತೊಮ್ಮೆ ಲೋಟದಲ್ಲಿ ಹಾಕಿ ನೋಡಿದ ಮೇಲೆಯೇ ಅದನ್ನು ಮೊದಲಿನದರ ಜೊತೆ ಸೇರಿಸುತ್ತೇನೆ.